ಸೊಳ್ಳೆ ಆಫೀಸಿನ 'ಅಲ್ಲೇ'

ಚಿಕ್ಕಬಸವಯ್ಯನ ಅಂಗಿಯ ಜೇಬಿನಲ್ಲಿ ಒಂದು ಪೆನ್ನು ಇರುತ್ತಿತ್ತು. ಅದಕ್ಕೆ ಮಸಿ ತುಂಬಿಸಿದ್ದನ್ನು ಕಂಡವರಿಲ್ಲ, ಅದರಿಂದ ಒಂದು ಗೀಟು ಎಳೆದದ್ದನ್ನೂ ಕಂಡವರಿಲ್ಲ. ಆದರೂ ಆ ಪೆನ್ನು ಇದ್ದ ಕಡೆ ಇಂಗ್ಲಿಷು ಇದ್ದೇ ಇರುತ್ತದೆ ಎಂಬುದು ಕಾರೆಕೊಪ್ಪಲಿನ ಜನಕ್ಕೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಇರುತ್ತದೆ ಎಂಬಷ್ಟೇ ಖಚಿತವಾದ ಸಂಗತಿಯಾಗಿತ್ತು.

ಪೆನ್ನು ಬಂದದ್ದು ಯುದ್ಧದಿಂದ. ಯುದ್ಧ ಎಂದರೆ ಬರ್ಮಾ ಕಾಡಿನಲ್ಲಿ ನಡೆದದ್ದಲ್ಲ. ಮೈಸೂರಿನ ಹತ್ತಿರ ಒಂದು ಮಿಲಿಟರಿ ಕ್ಯಾಂಪಿನ ಅಡುಗೆಮನೆಯಲ್ಲಿ ಚಿಕ್ಕಬಸವಯ್ಯ ಎರಡು ವರ್ಷ ಕಣ್ಣೀರು ಸುರಿಸಿಕೊಂಡು ಈರುಳ್ಳಿಯ ಮೇಲೆ ನಡೆಸಿದ್ದು. ಊರಿಗೆ ಬರುವಾಗ ಅವನು ತಂದದ್ದು ಸಾರ್ಜೆಂಟನೊಬ್ಬ ಬಿಸಾಡಿದ ಈ ಪೆನ್ನು, ಒಂದು ಖಾಕಿ ಅಂಗಿ, ಮತ್ತು ನಾಲ್ಕು ಇಂಗ್ಲಿಷು ಮಾತು: ಸಾಲ್ಟ್, ಆನಿಯನ್, ಕ್ವಿಕ್, ಡ್ಯಾಮ್ ಫೂಲ್. ಕೊನೆಯದು ಅಡುಗೆಮನೆಯಲ್ಲಿ ತನಗೆ ಕೊಟ್ಟಿದ್ದ ಹುದ್ದೆಯ ಹೆಸರು ಎಂದು ಅವನು ಪೂರ್ತಿ ನಂಬಿದ್ದ. ಅಕ್ಷರಗಳನ್ನು ಬಿಸ್ಕತ್ತಿನ ಡಬ್ಬಗಳ ಮೇಲೆ ನೋಡಿ ನೋಡಿ ಕಲಿತಿದ್ದ. ಇಪ್ಪತ್ತಾರು ಜನರ ಮುಖಪರಿಚಯವೂ ಅವನಿಗಿತ್ತು. ಅವರು ನಾಲ್ಕೈದು ಜನ ಒಂದು ಕಡೆ ಸೇರಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಭೀಮನಬೀಡಿನಿಂದ ಒಂದೂವರೆ ಮೈಲಿ ಒಳಗೆ, ಎರಡೇ ಬೀದಿಯ ಕೊಪ್ಪಲಿಗೆ ಇಂಗ್ಲಿಷು ಬರುತ್ತಿದ್ದದ್ದೇ ಅಪರೂಪ. ಬಂದರೆ ಔಷಧದ ಸೀಸೆಯ ಮೇಲೆ ಕೂತು ಬರುತ್ತಿತ್ತು. ಚಿಕ್ಕಬಸವಯ್ಯ ಸೀಸೆಯನ್ನು ಬಿಸಿಲಿಗೆ ಹಿಡಿದು, ತುಟಿ ಅಲುಗಿಸಿ, "ಒತ್ತಾರೆ ಒಂದ್ಸಲ, ಬೈಗೊಂದ್ಸಲ" ಎನ್ನುತ್ತಿದ್ದ. ಕಾಂಪೌಂಡರು ಅದನ್ನು ಮೊದಲೇ ಹೇಳಿ ಕಳಿಸಿರುತ್ತಿದ್ದರಿಂದ ಅವನ ಓದು ಎಂದೂ ತಪ್ಪಾಗುತ್ತಿರಲಿಲ್ಲ.

ಐವತ್ತನಾಲ್ಕನೇ ಇಸವಿ, ಮುಂಗಾರು ಇನ್ನೇನು ಹಿಡಿಯಬೇಕು ಅನ್ನುವ ಹೊತ್ತು. ಚಿಕ್ಕಬಸವಯ್ಯನ ಮಗಳು ಸಣ್ಣತಾಯಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಎಂಟು ತಿಂಗಳು. ಬಂದ ಹದಿನೈದನೇ ದಿನಕ್ಕೆ ಚಳಿಜ್ವರ ಹಿಡಿಯಿತು. ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನ ಸರಿಯಾದ ಹೊತ್ತಿಗೆ, ನೆಂಟರ ಹಾಗೆ ಬಂದು ಕೂರುತ್ತಿತ್ತು. ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಗುಂಡ್ಲುಪೇಟೆಯ ಡಾಕ್ಟರು ಕಹಿ ಮಾತ್ರೆ ಕೊಟ್ಟು ಜ್ವರ ಇಳಿಸಿದರು. ಆಮೇಲೆ ಚಿಕ್ಕಬಸವಯ್ಯನನ್ನು ಪಕ್ಕಕ್ಕೆ ಕರೆದು, "ಈ ಸಲ ಉಳಿದಳು. ಸೊಳ್ಳೆ ಕಚ್ಚಿ ಇನ್ನೊಂದು ಸಲ ಬಂದರೆ ತಾಯಿ ಮಗು ಇಬ್ಬರಲ್ಲಿ ಯಾರು ಉಳಿಯುತ್ತಾರೋ ಹೇಳಲಾರೆ. ಪಂಪಿನವರು ಬಂದಾಗ ಮನೆಗೆ ಡೀಡೀಟಿ ಹೊಡೆಸು. ಅವರು ವರ್ಷಕ್ಕೆ ಒಂದೇ ಸಲ ಬರೋದು" ಎಂದರು.

ಅಂದಿನಿಂದ ಚಿಕ್ಕಬಸವಯ್ಯನಿಗೆ ಕಿವಿಯ ಹತ್ತಿರ ಒಂದು ಸೊಳ್ಳೆ ಗುಂಯ್ ಎಂದರೂ ಎದೆ ಝಲ್ಲೆನ್ನುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಪಟೇಲ್ ರಾಚಯ್ಯನ ಮನೆಗೆ ಲಕೋಟೆ ಬಂತು. ಚಾಮರಾಜನಗರದ ಸೊಳ್ಳೆ ಆಫೀಸಿನಿಂದ. ಆ ಆಫೀಸಿಗೆ ದೊಡ್ಡದೊಂದು ಹೆಸರಿತ್ತು, ಜನ ಅದನ್ನು ಸುಲಭ ಮಾಡಿಕೊಂಡಿದ್ದರು.

ಜಗಲಿಯ ಮೇಲೆ ಹತ್ತು ಜನ ಸೇರಿದ್ದರು. ಪಟೇಲ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಓದ್ಲಾ ಚಿಕ್ಕಬಸ್ವ. ಸರ್ಕಾರ ಏನಂತದೆ?"

ಚಿಕ್ಕಬಸವಯ್ಯ ಪೆನ್ನನ್ನು ಒಮ್ಮೆ ಮುಟ್ಟಿಕೊಂಡ. ಕಾಗದದಲ್ಲಿ 'ಫ್ರೈಡೆ' ಎಂದಿತ್ತು. ಅದು ಗೊತ್ತಾಯಿತು, ಕ್ಯಾಂಪಿನಲ್ಲಿ ಫ್ರೈಡೆ ಮೀನು. 'ವಿಲೇಜ್' ಕೂಡ ಗೊತ್ತಾಯಿತು. "ಶುಕ್ರವಾರ ಪಂಪು ಬತ್ತದೆ ಕಣಣ್ಣಾ, ನಮ್ಮೂರ್ಗೆ" ಎಂದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಒಂದೇ ಒಂದು ಸಾಲು: ಯು ಆರ್ ಡೈರೆಕ್ಟೆಡ್ ಟು, ಅದರ ಮುಂದೆ ಒಂದು ಪದ, ಆಮೇಲೆ ದಿ ವಿಲೇಜರ್ಸ್.

ಆ ಪದವನ್ನು ಅವನು ಒಂದೊಂದೇ ಅಕ್ಷರ ಬಿಡಿಸಿದ. "ಎ, ಎಲ್, ಇನ್ನೊಂದು ಎಲ್, ಎ, ವೈ." "ಅಲ್ಲೇ" ಎಂದ.

"ಏನ್ಲಾ ಅಲ್ಲೇ?"

"ಅಲ್ಲೇ ಅಂತ್ಲೇ ಬರ್ದದೆ ಕಣಣ್ಣಾ."

"ಅಲ್ಲೇ ಅಂದ್ರೆ ಕನ್ನಡ ಅಲ್ವಾ?"

ಚಿಕ್ಕಬಸವಯ್ಯ ಕಾಗದವನ್ನು ಇನ್ನೊಮ್ಮೆ ನೋಡಿದ. ಅವನ ಜೀವಮಾನದಲ್ಲಿ ಇಂಗ್ಲಿಷು ಕಾಗದವೊಂದು ಹೀಗೆ ತಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು. ಅವನ ಮುಖ ಬೆಳಗಿತು. "ಸಾಹೇಬ್ರು ಒಳ್ಳೇರು ಕಣಣ್ಣಾ. ಕಾಗ್ದ ಎಲ್ಲಾ ಇಂಗ್ಲಿಷಲ್ಲಿ ಬರ್ದು, ಮುಖ್ಯವಾದ ಮಾತ ಮಾತ್ರ ನಮ್ಗೆ ತಿಳೀಲಿ ಅಂತ ಕನ್ನಡ್ದಲ್ಲಿ ಆಕವ್ರೆ. ಶುಕ್ರವಾರ ಪಂಪು ಬರೋ ಹೊತ್ಗೆ ಊರ ಜನ ಎಲ್ಲೆಲ್ಲಿ ಅವ್ರೋ ಅಲ್ಲೇ ಇರ್ಬೇಕು."

ಪಟೇಲನಿಗೆ ಇದು ಬಹಳ ಹಿಡಿಸಿತು. ಸಂಜೆಗೆ ತಮಟೆ ಹೊಡೆಸಿಬಿಟ್ಟ: ಶುಕ್ರವಾರ ಯಾರೂ ಕದಲಕೂಡದು, ಇದ್ದವರು ಇದ್ದಲ್ಲೇ.

ತಮಟೆ ಕೆಳಗಲಬೀದಿ ಮುಗಿಸಿ ಮೇಗಲಬೀದಿಗೆ ತಿರುಗಿದಾಗ ಶಂಭುಲಿಂಗಪ್ಪ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. ಭೀಮನಬೀಡಿನ ಇಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಅವರಿಗೆ ಮಸಿ ಇಲ್ಲದ ಆ ಪೆನ್ನಿನ ಮೇಲೆ ಹತ್ತು ವರ್ಷದ ಕೋಪವಿತ್ತು. ಕಾಗದ ತರಿಸಿಕೊಂಡು ನೋಡಿದರು. ನೋಡಿ ನಕ್ಕರು. ಆ ನಗು ನಿಲ್ಲುವುದರೊಳಗೆ ತಮಗೂ ಆ ಪದ ಗೊತ್ತಿಲ್ಲ ಎಂಬುದು ಅವರಿಗೆ ತಿಳಿಯಿತು.

ಆದರೆ ಮೇಷ್ಟ್ರ ಹತ್ತಿರ ನಿಘಂಟು ಇತ್ತು. ದಪ್ಪ ರಟ್ಟಿನ ಪುಸ್ತಕ. ಅದನ್ನು ಅಟ್ಟದಿಂದ ಇಳಿಸಿ ಬೀದಿಯ ಜನರೆಲ್ಲರ ಎದುರಿಗೆ ತೆರೆದರು. ಮುಂದಿನ ಹಾಳೆಗಳನ್ನು ಗೆದ್ದಲು ಭಕ್ತಿಯಿಂದ ಓದಿ ಮುಗಿಸಿತ್ತು. ಉಳಿದಿದ್ದ ಮೊಟ್ಟಮೊದಲ ಪದ 'ಆಲ್ಮನಾಕ್', ಅರ್ಥ ಪಂಚಾಂಗ. ಬೇಕಾದ ಪದ ಅದಕ್ಕಿಂತ ನಾಲ್ಕು ಬೆರಳು ಮೇಲೆ, ಗೆದ್ದಲಿನ ಹೊಟ್ಟೆಯಲ್ಲಿತ್ತು.

"ಪಂಚಾಂಗದ ಹತ್ತಿರದ ಪದ ಇದು. ಹಾಗಾದರೆ ಗಳಿಗೆ ಸರಿಯಿಲ್ಲ ಅಂತಲೇ ಅರ್ಥ ಹೊರಡುತ್ತೆ" ಎಂದು ಮೇಷ್ಟ್ರು ಗಂಭೀರವಾಗಿ ಹೇಳಿದರು. "ಅಲ್ಲದೆ ಇದು 'ಅಲ್ಲೇ' ಅಲ್ಲ. ಎರಡು ಎಲ್ ಇದ್ದರೂ ಇಂಗ್ಲಿಷಿನಲ್ಲಿ ಒಂದನ್ನು ನುಂಗಬೇಕು. 'ಅಲೆ' ಅಂತ ಓದಬೇಕು. ಅಲೆ, ಅಲೆಯುವುದು, ಅಲೆಯಿಸುವುದು. ಜನರನ್ನು ಅಲೆಯಿಸಿ ಅಂತ ಸರ್ಕಾರದ ಆಜ್ಞೆ. ಮನೆಗೆ ವಿಷ ಹೊಡೆಯೋವಾಗ ಯಾರಾದರೂ 'ಅಲ್ಲೇ ಕೂತಿರಿ' ಅಂತಾರಾ?"

ಬುಧವಾರ ಹೊತ್ತು ಹುಟ್ಟುವುದರೊಳಗೆ ಮೇಗಲಬೀದಿ ಪೂರಾ ಅಲೆಯುವ ಪಕ್ಷವಾಯಿತು, ಕೆಳಗಲಬೀದಿ ಪೂರಾ ಅಲ್ಲೇ ಪಕ್ಷವಾಯಿತು. ಎರಡು ಬೀದಿಗಳ ನಡುವಿನ ಬಾವಿಯ ಹತ್ತಿರ ಬಿಂದಿಗೆ ಇಟ್ಟು ಹೆಂಗಸರು ವ್ಯಾಕರಣ ಜಗಳ ಆಡಿದರು.

ಮಧ್ಯೆ ಸಿಕ್ಕಿಕೊಂಡವಳು ಮೇಗಲಬೀದಿಯ ಮಂಗಮ್ಮ. ಅವಳ ಮನೆ ತುಂಬ ರೇಷ್ಮೆಹುಳುವಿನ ತಟ್ಟೆ. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಜ್ವರದ ಹೊತ್ತಿನಲ್ಲಿ ಅವನ್ನು ಅಲುಗಿಸುವಂತಿಲ್ಲ. ಅವಳು ಸೀದಾ ಚಿಕ್ಕಬಸವಯ್ಯನ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ನೋಡಣ್ಣೋ, ನೀನು ಅಲ್ಲೇ ಅಂತೀಯ, ಮೇಷ್ಟ್ರು ಅಲೆ ಅಂತವ್ರೆ. ನನ್ನ ಉಳ ಏನ್ಮಾಡ್ಲಿ ಯೋಳು. ಅಲ್ಲೇ ಬುಟ್ರೆ ಪಂಪ್ನೋರು ಕೊಲ್ತರೆ, ಅಲೆಸಿದ್ರೆ ನಾನೇ ಕೊಂದಂಗಾಯ್ತದೆ. ಇಂಗ್ಲಿಷಲ್ಲಿ ಉಳಕ್ಕೆ ಏನಂತ ಬರ್ದವ್ರೆ?"

ಚಿಕ್ಕಬಸವಯ್ಯ ಆಕಾಶ ನೋಡಿದ. ಅಲ್ಲಿಯೂ ಏನೂ ಬರೆದಿರಲಿಲ್ಲ.

ಸುದ್ದಿ ಎನ್ನುವುದು ಎತ್ತಿನ ಗಾಡಿಗಿಂತ ಬೇಗ ಹೋಗುತ್ತದೆ, ಹೋಗುತ್ತ ಹೋಗುತ್ತ ಕೊಬ್ಬುತ್ತದೆ. ಅದು ಹರದನಹಳ್ಳಿಗೆ ಮುಟ್ಟುವ ಹೊತ್ತಿಗೆ, ಕಾರೆಕೊಪ್ಪಲಿಗೆ ವಿಷ ಹೊಡೆದು ಜನರನ್ನು ಓಡಿಸಿ ಜಾಗವನ್ನು ಸರ್ಕಾರ ತೆಗೆದುಕೊಳ್ಳುತ್ತದೆ ಎಂದಾಗಿತ್ತು. ಹರದನಹಳ್ಳಿ ಎಂದರೆ ಸಣ್ಣತಾಯಮ್ಮನ ಗಂಡನ ಊರು. ಅವಳ ಮಾವ ನಿಂಗಯ್ಯ ಗಾಡಿ ಕಟ್ಟಿಕೊಂಡು ಬುಧವಾರ ಸಂಜೆಗೆ ಬಂದೇ ಬಿಟ್ಟ. ಕಾಲು ತೊಳೆಯಲು ಕೊಟ್ಟ ನೀರನ್ನು ಹಾಗೇ ಪಕ್ಕಕ್ಕಿಟ್ಟು ಹೇಳಿದ:

"ಬೀಗ್ರೆ, ನನ್ನ ಸೊಸೇನ ಕಳ್ಸಿ. ನಮ್ಮ ಮನೇಲೇ ಎರಿಗೆ ಆಗ್ಲಿ."

"ಎಂಟು ತಿಂಗ್ಳ ಬಸುರಿ ಬೀಗ್ರೆ. ಇಪ್ಪತ್ತು ಮೈಲಿ ಗಾಡೀಲಿ ಕುಲುಕಾಡ್ಕಂಡು..."

"ಇಲ್ಲಿದ್ರೆ ವಿಸ ಕುಡಿತಾಳಲ್ಲ?"

ಒಳಗಿನಿಂದ ಚಿಕ್ಕಬಸವಯ್ಯನ ತಾಯಿ ದೊಡ್ಡಮಾದಮ್ಮನ ದನಿ ಬಂತು. ಎಂಬತ್ತು ದಾಟಿದ ಮುದುಕಿ, ಆ ಊರಿನ ಅರ್ಧ ಜನರ ಹೊಕ್ಕುಳು ಕೊಯ್ದವಳು. "ಗಾಡೀಲಿ ಕಳ್ಸುದ್ರೆ ಕೆರೆ ಏರಿ ದಾಟೋಕ್ ಮುಂಚೇನೆ ನೋವು ಬತ್ತದೆ. ಆಮೇಲೆ ಎತ್ತು ಬಾಣಂತನ ಮಾಡ್ತವಾ?"

ನಿಂಗಯ್ಯ ಒಳ್ಳೆಯವನೇ. ಹೆದರಿದ್ದ, ಅಷ್ಟೆ. ತುಸು ಹೊತ್ತು ಮೀಸೆ ಎಳೆದುಕೊಂಡು, "ನಾಳೆ ಒಂದಿನ ನೋಡ್ತಿನಿ ಬೀಗ್ರೆ. ಅದೇನೋ ಪದ ಅಂತರಲ್ಲ, ಅದ್ರ ಸರಿಯಾದ ಅರ್ತ ತನ್ನಿ. ತರ್ದಿದ್ರೆ ಶುಕ್ರವಾರ ಪಂಪು ಬರೋಕ್ ಮುಂಚೆ ಗಾಡಿ ಕಟ್ತಿನಿ" ಎಂದ.

ಕಥೆಗಳಲ್ಲಿ ರಾಜಕುಮಾರರು ಏಳು ಸಮುದ್ರದ ಆಚೆಯ ಹೂವನ್ನು ತರಲು ಹೊರಡುತ್ತಾರೆ. ಅವರಿಗೆ ಕುದುರೆ ಇರುತ್ತದೆ, ದಾರಿ ಹೇಳುವ ಗಿಳಿ ಇರುತ್ತದೆ. ಚಿಕ್ಕಬಸವಯ್ಯ ಐದು ಅಕ್ಷರದ ಒಂದು ಪದದ ಅರ್ಥ ತರಲು ಗುರುವಾರ ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೊರಟ. ಗುಂಡ್ಲುಪೇಟೆಗೆ ನಡೆದ. ಅಲ್ಲಿಂದ ಬಸ್ಸು ತೆರಕಣಾಂಬಿಯ ಮೇಲೆ ಹಾದು, ಎರಡು ಸಲ ಕೆಟ್ಟು, ಒಂದು ಸಲ ಎಲ್ಲರೂ ಇಳಿದು ತಳ್ಳಿ, ಮಧ್ಯಾಹ್ನಕ್ಕೆ ಚಾಮರಾಜನಗರ ಮುಟ್ಟಿತು.

ಸೊಳ್ಳೆ ಆಫೀಸಿನಲ್ಲಿ ಸಾಹೇಬರಿರಲಿಲ್ಲ, ಪಂಪುಗಳ ಜೊತೆ ಹಳ್ಳಿ ತಿರುಗುತ್ತಿದ್ದರು. ಇದ್ದವನು ಒಬ್ಬನೇ ಗುಮಾಸ್ತ. ಸೊಳ್ಳೆ ಹೊಡೆದುಕೊಂಡು ಕೂತಿದ್ದ.

"ಯಾರು ತಾವು?"

ಚಿಕ್ಕಬಸವಯ್ಯ ಖಾಕಿ ಅಂಗಿ ಎಳೆದುಕೊಂಡು ನೆಟ್ಟಗೆ ನಿಂತ. "ನಾನು ಮಿಲಿಟರೀಲಿ ಡ್ಯಾಮ್ ಫೂಲ್ ಆಗಿದ್ದೆ ಸ್ವಾಮಿ. ಎರಡು ವರ್ಷ."

ಗುಮಾಸ್ತ ಬೆಚ್ಚಿದ. ತನ್ನನ್ನು ತಾನೇ ಇಂಗ್ಲಿಷಿನಲ್ಲಿ ಹಾಗೆ ಕರೆದುಕೊಳ್ಳುವವನು ಆ ಭಾಷೆಯನ್ನು ಅರೆದು ಕುಡಿದವನೇ ಇರಬೇಕು ಎನಿಸಿ, ಎದ್ದು ಕುರ್ಚಿ ತೋರಿಸಿದ. ಜೇಬಿನ ಪೆನ್ನನ್ನೂ ಅವನು ಗಮನಿಸಿದ್ದ.

ಚಿಕ್ಕಬಸವಯ್ಯ ಕಾಗದ ಬಿಡಿಸಿ ಆ ಪದದ ಮೇಲೆ ಬೆರಳಿಟ್ಟ. "ಇದನ್ನ ಬರೆದೋರು?"

"ನಾನೇ. ಯಾಕೆ, ತಪ್ಪಿದೆಯಾ?"

"ತಪ್ಪು ಅಂತಲ್ಲ. ಇದರ ಅರ್ಥ..."

"ತಮಗೆ ಗೊತ್ತಿರೋದೇ."

"ಗೊತ್ತಿರೋದೇ ಅನ್ನಿ. ಆದ್ರೂ ತಾವು ಯಾವ ಅರ್ಥದಲ್ಲಿ ಬರೆದ್ರಿ ಅಂತ."

"ಇರೋ ಅರ್ಥದಲ್ಲೇ ಬರೆದೆ. ತಾವು ಯಾವ ಅರ್ಥದಲ್ಲಿ ತಗೊಂಡಿರಿ?"

"ನಾನೂ ಇರೋ ಅರ್ಥದಲ್ಲೇ ತಗೊಂಡೆ."

"ಹಾಗಾದರೆ ಸರಿಹೋಯಿತಲ್ಲ."

"ಸರಿಹೋಯ್ತು."

ನಿಜ ಹೇಳಬೇಕೆಂದರೆ ಗುಮಾಸ್ತ ಹಳೆಯ ಕಾಗದವೊಂದನ್ನು ನೋಡಿ ನಕಲು ಮಾಡಿದ್ದ. ಮಧ್ಯಾಹ್ನದ ಊಟವಾದ ಮೇಲಿನ ನಕಲು. ಅದರಲ್ಲಿ ಎಲ್ಲೋ ಎರಡು ಮೂರು ಪದ ಬಿಟ್ಟುಹೋದಂತೆ ಅವನಿಗೆ ಮಸುಕಾಗಿ ನೆನಪು.

ಚಿಕ್ಕಬಸವಯ್ಯನ ಕಣ್ಣ ಮುಂದೆ ಗಾಡಿ ಬಂದು ನಿಂತಿತು, ಅದರೊಳಗೆ ಮಗಳು. ಅವನು ಮೆಲ್ಲನೆ, "ಕನ್ನಡದಲ್ಲಿ ಒಂದ್ಸಲ ಹೇಳಿಬುಡಿ ಸ್ವಾಮಿ, ಊರವರಿಗೆ ಹೇಳೋಕೆ" ಎಂದ.

"ಕನ್ನಡದಲ್ಲಿ..." ಗುಮಾಸ್ತ ತಡಕಾಡಿದ. "ಅದಕ್ಕೆ ಕನ್ನಡ ಇಲ್ಲ ಸ್ವಾಮಿ. ಒಂಥರಾ ಹೀಗೆ." ಅಂಗೈಯನ್ನು ಬೋರಲು ಮಾಡಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಸಿದ. ಮತ್ತೊಮ್ಮೆ ಇಳಿಸಿದ. "ಹೀಗೆ. ತಿಳೀತಲ್ಲ?"

"ತಿಳೀತು" ಎಂದ ಚಿಕ್ಕಬಸವಯ್ಯ. ಹತ್ತು ವರ್ಷದಿಂದ ಹೇಳಿ ಅಭ್ಯಾಸವಾಗಿದ್ದ ಮಾತು, ತಾನಾಗಿ ಬಂದುಬಿಟ್ಟಿತು. ಬಸ್ಸು ಹತ್ತಿದ ಮೇಲೆ ದಾರಿಯುದ್ದಕ್ಕೂ ತನ್ನ ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ಇಳಿಸಿ ನೋಡಿದ. ಪಕ್ಕದಲ್ಲಿ ಕೂತಿದ್ದ ಉಮ್ಮತ್ತೂರಿನ ಮುದುಕ ಎದ್ದು ಬೇರೆ ಸೀಟಿಗೆ ಹೋದ.

ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದಾಗ ಎರಡೂ ಬೀದಿಯವರು ಬಾವಿಯ ಹತ್ತಿರ ಕಾಯುತ್ತಿದ್ದರು. ಪಟೇಲ, ಮೇಷ್ಟ್ರು, ಮಂಗಮ್ಮ, ಬೀಗ ನಿಂಗಯ್ಯ, ಎಲ್ಲರೂ.

"ತಂದ್ಯೇನ್ಲಾ ಅರ್ತವ?"

ಚಿಕ್ಕಬಸವಯ್ಯ ಬುತ್ತಿಯ ಗಂಟನ್ನು ಕೆಳಗಿಟ್ಟ. ಅಂಗೈ ಬೋರಲು ಮಾಡಿ ಮೇಲಿನಿಂದ ಕೆಳಕ್ಕೆ ಇಳಿಸಿದ.

ಕೆಳಗಲಬೀದಿಯವರು ಒಂದೇ ಉಸಿರಿಗೆ, "ಕೂತ್ಕಳಿ ಅಂತ! ಅಲ್ಲೇ ಕೂತ್ಕಳಿ ಅಂತ!" ಎಂದು ಕೂಗಿದರು. ಮೇಗಲಬೀದಿಯವರು ಹೌಹಾರಿದರು. "ಅಯ್ಯಯ್ಯೋ, ಕೂತ್ಕಳಿ ಅಂತಲ್ಲ ಕಣ್ರೋ. ಊರ್ನೇ ಒತ್ತಿ ಸಮ ಮಾಡ್ತರಂತೆ!"

ಅಂದು ಚಿಕ್ಕಬಸವಯ್ಯ ಉಣ್ಣಲಿಲ್ಲ.

ಶುಕ್ರವಾರ ಮುಂಜಾನೆಗೆ ಮೇಗಲಬೀದಿ ಖಾಲಿ. ಮನೆ ಮನೆಗೂ ಬೀಗ. ಮಡಕೆ, ಕೌದಿ, ಬೀಸುವ ಕಲ್ಲು, ಕೋಳಿಬುಟ್ಟಿ ಎಲ್ಲ ಹೊತ್ತುಕೊಂಡು ಜನ ಕೆರೆ ಏರಿಯ ಮೇಲೆ ಸಾಲಾಗಿ ಕೂತಿದ್ದರು. ಮಂಗಮ್ಮ ಒಬ್ಬಳು ಹುಳುವಿನ ಮನೆಯ ಬಾಗಿಲಿಗೆ ಅಡ್ಡ ಕೂತು ಒನಕೆ ಹಿಡಿದಿದ್ದಳು.

ಕೆಳಗಲಬೀದಿಯ ನೋಟವೇ ಬೇರೆ. ಅಜ್ಜಿ ಕಥೆಯಲ್ಲಿ ಮಾಟಗಾತಿ ಕಡ್ಡಿ ತಾಗಿಸಿದಾಗ ಇಡೀ ಪಟ್ಟಣ ಕಲ್ಲಾಗುತ್ತದಲ್ಲ, ಹಾಗೆ. ಪಂಪಿನ ಜೀಪು ಏರಿಯ ತಿರುವಿನಲ್ಲಿ ಕಾಣಿಸಿದ್ದೇ ತಡ, ತಮಟೆ ಒಂದು ಸಲ ಬಡಿಯಿತು. ಯಾರು ಎಲ್ಲಿದ್ದರೋ ಅಲ್ಲೇ ನಿಂತರು. ಬಾವಿಗೆ ಹಗ್ಗ ಬಿಟ್ಟವಳು ಬಿಟ್ಟ ಹಾಗೇ. ತೆಂಗಿನಮರ ಹತ್ತಿದವನು ಹತ್ತಿದ ಹಾಗೇ. ಪಟೇಲ್ ರಾಚಯ್ಯ ಜಗಲಿಯ ಮೇಲೆ ಕ್ಷೌರಕ್ಕೆ ಕೂತಿದ್ದ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆ ನೊರೆಯಲ್ಲಿತ್ತು. ಕತ್ತಿ ಗಾಳಿಯಲ್ಲಿ ನಿಂತಿತು.

ಇನ್‌ಸ್ಪೆಕ್ಟರ್ ಬಸವಣ್ಣ ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು. "ಏನಾಗಿದೆ ಈ ಊರಿಗೆ?"

"ಏನೂ ಆಗಿಲ್ಲ ಸ್ವಾಮಿ. ನಾವು ಅಲ್ಲೇ ಇದ್ದೀವಿ" ಎಂದ ಪಟೇಲ, ತುಟಿ ಮಾತ್ರ ಅಲುಗಿಸಿ.

"ಎದ್ದೇಳಿ. ಮನೆ ಸಾಮಾನು ಆಚೆ ಇಡಿಸಬೇಕು, ಗೋಡೆಗೆ ಹೊಡೆಯಬೇಕು."

"ಏಳಂಗಿಲ್ಲ ಸ್ವಾಮಿ. ನಿಮ್ದೇ ಆರ್ಡರ್ ಆಗದೆ."

ಇನ್‌ಸ್ಪೆಕ್ಟರು ಬೀಗ ಹಾಕಿದ ಬೀದಿ ನೋಡಿದರು, ಕಲ್ಲಾದ ಬೀದಿ ನೋಡಿದರು, ಗಡಿಯಾರ ನೋಡಿದರು. "ಮಧ್ಯಾಹ್ನಕ್ಕೆ ನಾವು ಮುಂದಿನ ಊರಿನಲ್ಲಿರಬೇಕು. ಬಾಗಿಲು ತೆಗೆಯದಿದ್ದರೆ ನಿಮ್ಮ ಊರು ಬರುವ ವರ್ಷಕ್ಕೆ."

ಅದೇ ಹೊತ್ತಿಗೆ ಚಿಕ್ಕಬಸವಯ್ಯನ ಮನೆ ಮುಂದೆ ನಿಂಗಯ್ಯ ಗಾಡಿಗೆ ಎತ್ತು ಕಟ್ಟಿ ಮುಗಿಸಿದ್ದ. ಹುಲ್ಲು ಹಾಸಿ ಕೌದಿ ಹಾಕಿತ್ತು. ಸಣ್ಣತಾಯಮ್ಮ ಒಂದು ಕಾಲು ಗಾಡಿಯ ಹಿಂಬದಿಗೆ ಇಟ್ಟು ತಿರುಗಿ ಅಪ್ಪನ ಮುಖ ನೋಡಿದಳು. "ಅಪ್ಪ, ಓಗ್ಲಾ?" ಎಂದಳು. "ನಿಂಗೆ ಇಂಗ್ಲಿಷ್ ಗೊತ್ತಲ್ಲಪ್ಪ. ನೀನು ಯೋಳ್ದಂಗೆ ಮಾಡ್ತಿನಿ."

ಸಾರ್ಜೆಂಟನ ಬೈಗುಳ, ಬಸ್ಸು ತಳ್ಳಿದ್ದು, ಹಸಿದದ್ದು, ಇದ್ಯಾವುದೂ ಚಿಕ್ಕಬಸವಯ್ಯನಿಗೆ ಮಗಳ ಆ ಮಾತಿನಷ್ಟು ತಾಗಿರಲಿಲ್ಲ. ಅವನು ಬೀದಿಗೆ ಇಳಿದ. ಇನ್‌ಸ್ಪೆಕ್ಟರ ಮುಂದೆ ಹೋಗಿ ಜೇಬಿನ ಪೆನ್ನು ತೆಗೆದು ಅವರ ಕೈಗಿಟ್ಟ.

"ಸ್ವಾಮಿ, ನಂಗೆ ಇಂಗ್ಲಿಷ್ ಬರಕಿಲ್ಲ."

ತೆಂಗಿನಮರದ ಮೇಲಿದ್ದವನು ಎರಡು ಮೊಳ ಜಾರಿದ. ಪಟೇಲನ ಎಡಗೆನ್ನೆಯ ನೊರೆ ನೆಲಕ್ಕೆ ಬಿತ್ತು.

"ಯಾವತ್ತೂ ಬತ್ತಿರ್ಲಿಲ್ಲ. ಈ ಪದ ನಂಗೂ ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ, ನಿಮ್ಮ ಆಫೀಸ್ನೋರ್ಗೂ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಯೋಳಿ. ನನ್ನ ಮಗಳು ಗಾಡಿ ಅತ್ತಾ ಅವ್ಳೆ."

ಇನ್‌ಸ್ಪೆಕ್ಟರು ಕಾಗದ ಓದಿದರು. ನಗಲಿಲ್ಲ. ಬೆವರು ಒರೆಸಿಕೊಂಡು, "ಇಲ್ಲಿ ಪದ ಬಿಟ್ಟುಹೋಗಿದೆ. ಜನರನ್ನು ಏನೂ ಮಾಡಲಿಕ್ಕಲ್ಲ ಇದು. ಈ ಪದ ಜನಕ್ಕೆ ಹತ್ತುವುದೇ ಇಲ್ಲ, ಭಯಕ್ಕೆ ಮಾತ್ರ ಹತ್ತುತ್ತೆ. ಜನರ ಭಯವನ್ನು ಶಮನ ಮಾಡಿ ಅಂತ ಬರೆಯಬೇಕಿತ್ತು" ಎಂದರು.

"ಏನ್ಮಾಡಿ ಅಂತ?"

"ಶಮನ."

ಕೆರೆ ಏರಿಯಿಂದ ಬೇಹುಗಾರಿಕೆಗೆ ಬಂದು ಬೇಲಿಯ ಹಿಂದೆ ಕೂತಿದ್ದವನೊಬ್ಬ ಎದ್ದು ಓಡಿದ. "ಸಮ ಮಾಡದಂತೆ ಕಣ್ರಪ್ಪೋ! ಸಾಹೇಬ್ರ ಬಾಯಲ್ಲೇ ಬಂತು! ಊರ ಸಮ ಮಾಡದೇ ನಿಜವಂತೆ!" ಏರಿಯ ಮೇಲೆ ಹೆಂಗಸರು ಬಾಯಿ ಬಡಿದುಕೊಳ್ಳತೊಡಗಿದರು. ನಿಂಗಯ್ಯ ಎತ್ತಿನ ಬಾಲಕ್ಕೆ ಕೈ ಹಾಕಿದ. ಸಣ್ಣತಾಯಮ್ಮ ಗಾಡಿಯ ಹಿಂಬದಿಯಲ್ಲಿ ಕುಸಿದು ಕೂತು, "ಅವ್ವೋ" ಎಂದು ಅಜ್ಜಿಯ ಸೆರಗು ಹಿಡಿದುಕೊಂಡಳು.

ದೊಡ್ಡಮಾದಮ್ಮ ಮೊಮ್ಮಗಳ ಪಕ್ಕದಲ್ಲೇ ಕೂತಳು. ಬೇರೆ ಯಾರ ಕಡೆಗೂ ನೋಡಲಿಲ್ಲ. ಅಂಗೈಯನ್ನು ಹುಡುಗಿಯ ನೆತ್ತಿಯ ಮೇಲಿಟ್ಟು, ಕತ್ತಿನ ಮೇಲೆ, ಬೆನ್ನ ಮೇಲೆ, ನಿಧಾನವಾಗಿ ಕೆಳಕ್ಕೆ ಇಳಿಸಿದಳು. ಮತ್ತೆ ನೆತ್ತಿಯಿಂದ ಶುರು ಮಾಡಿ ಕೆಳಕ್ಕೆ ಇಳಿಸಿದಳು. "ದಿಗ್ಲು ಬುಡು ಕಂದ. ದಿಗ್ಲು ಬುಡು. ಏನೂ ಆಗಾಕಿಲ್ಲ ಬುಡು."

ಚಿಕ್ಕಬಸವಯ್ಯ ಆ ಕೈಯನ್ನು ನೋಡಿದ. ಮೇಲಿನಿಂದ ಕೆಳಕ್ಕೆ. ಬೋರಲಾದ ಅಂಗೈ. ಗುಮಾಸ್ತನ ಮೇಜಿನ ಮೇಲೆ ಅರ್ಥವಿಲ್ಲದೆ ಇಳಿದಿದ್ದ ಅದೇ ಕೈ, ತಾನು ಹುಟ್ಟಿದಾಗಿನಿಂದ ತನ್ನದೇ ಮನೆಯಲ್ಲಿದ್ದ ಕೈ.

"ದಿಗ್ಲು ಬುಡ್ಸದು!" ಎಂದು ಕಿರುಚಿದ. "ಸಮ ಮಾಡದಲ್ಲ ಕಣ್ರಪ್ಪೋ, ಅಲ್ಲೇ ಇರದೂ ಅಲ್ಲ, ಅಲೆಯದೂ ಅಲ್ಲ. ದಿಗ್ಲು ಬುಡ್ಸದು! ಅಷ್ಟೇಯಾ!"

ಇನ್‌ಸ್ಪೆಕ್ಟರು ಒಂದು ಗಳಿಗೆ ಅವನನ್ನೇ ನೋಡಿ, "ಅದೇ" ಎಂದರು. "ಅದೇ ಸರಿಯಾದ ಕನ್ನಡ."

ಆಮೇಲೆ ಚಿಕ್ಕಬಸವಯ್ಯ ಮಾಡಿದ್ದು ಹೆಚ್ಚೇನಲ್ಲ. ತನ್ನ ಮನೆಯ ಸಾಮಾನನ್ನು ತಾನೇ ಅಂಗಳಕ್ಕೆ ಹೊತ್ತು ಹಾಕಿದ. ಮೊದಲ ಪಂಪು ತನ್ನ ಮನೆಗೇ ಹೊಡೆಸಿದ, ಪಂಪಿನ ಹಿಡಿಯನ್ನು ತಾನೇ ಒತ್ತಿದ. ಗೋಡೆ ಒಣಗಿದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಾಗಿಲು ಪೂರಾ ತೆರೆದು, ನಡುಮನೆಯಲ್ಲಿ ಕಾಲು ಚಾಚಿ ಕೂತ. ಕೆರೆ ಏರಿಯಿಂದ ಒಬ್ಬೊಬ್ಬರೇ ಬಂದು ದೂರ ನಿಂತು ನೋಡಿದರು.

"ಸತ್ತವ್ನಾ?"

"ಇಲ್ಲ, ಎಲೆ ಅಡ್ಕೆ ಆಕೊತಾ ಅವ್ನೆ."

ಮಂಗಮ್ಮ ಒನಕೆ ಹಿಡಿದುಕೊಂಡೇ ಬಂದಳು. "ನನ್ನ ಉಳಕ್ಕೆ ದಿಗ್ಲು ಬುಡ್ಸೋರು ಯಾರು?" ಎಂದು ಇನ್‌ಸ್ಪೆಕ್ಟರನ್ನೇ ಕೇಳಿದಳು. "ಹುಳು ಇರೋ ಮನೆಗೆ ನಾವು ಹೊಡೆಯೋದೇ ಇಲ್ಲ ತಾಯಿ, ಅದು ಮೊದಲಿನಿಂದಲೂ ಇರೋ ನಿಯಮ" ಎಂದರು ಅವರು. ಮಂಗಮ್ಮ ಒನಕೆಯನ್ನು ಗೋಡೆಗೆ ಒರಗಿಸಿ, ನಾಲ್ಕು ದಿನದ ಉಸಿರನ್ನು ಒಟ್ಟಿಗೆ ಬಿಟ್ಟಳು. "ಇದ್ನ ಕಾಗ್ದದಲ್ಲಿ ಬರ್ದಿದ್ರೆ ನಿಮ್ಮ ಗಂಟೇನೋಗದು?"

ಮಧ್ಯಾಹ್ನ ದಾಟಿತು. ಇನ್‌ಸ್ಪೆಕ್ಟರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಹೊತ್ತು ಇಳಿಯುವುದರೊಳಗೆ ಎರಡೂ ಬೀದಿಯ ಗೋಡೆಗಳ ಮೇಲೆ ಬಿಳಿ ಮಚ್ಚೆ ಒಣಗುತ್ತಿದ್ದವು. ಪಟೇಲನ ಎಡಗೆನ್ನೆ ಮಾತ್ರ ಅಂದು ಹಾಗೇ ಉಳಿಯಿತು, ಕ್ಷೌರದವನು ಮನೆ ಸಾಮಾನು ಒಳಗಿಡಲು ಹೋಗಿದ್ದ. ನಿಂಗಯ್ಯ ಎತ್ತು ಬಿಚ್ಚಿ, ಕಾಲು ತೊಳೆದುಕೊಂಡು, ಎರಡು ದಿನದಿಂದ ಉಳಿಸಿಕೊಂಡಿದ್ದ ಊಟವನ್ನೆಲ್ಲ ಒಂದೇ ಸಲ ಉಂಡು, ಮಾರನೆಯ ದಿನ ಖಾಲಿ ಗಾಡಿಯಲ್ಲಿ ಹರದನಹಳ್ಳಿಗೆ ಹೋದ. ಹೊರಡುವಾಗ ಇನ್‌ಸ್ಪೆಕ್ಟರು ಪೆನ್ನನ್ನು ಚಿಕ್ಕಬಸವಯ್ಯನ ಜೇಬಿಗೆ ವಾಪಸು ಸಿಕ್ಕಿಸಿದ್ದರು. ಅದರ ಹೊಟ್ಟೆಯಲ್ಲಿ ಈಗ ಅವರದೇ ಸೀಸೆಯ ಮಸಿ ಇತ್ತು. ಅದು ಮೂರನೇ ದಿನಕ್ಕೆ ಸೋರಿ ಖಾಕಿ ಅಂಗಿಯನ್ನು ಕೆಡಿಸಿತು, ಆ ಮಾತು ಬೇರೆ.

ಸಣ್ಣತಾಯಮ್ಮನಿಗೆ ಚಳಿಜ್ವರ ಮತ್ತೆ ಬರಲಿಲ್ಲ. ಬರುವ ಹೊತ್ತಾದ ಮಧ್ಯಾಹ್ನಗಳಲ್ಲಿ ಚಿಕ್ಕಬಸವಯ್ಯ ಹೊಸ್ತಿಲ ಮೇಲೆ ಕೂತು ಕಾದ. ನೆಂಟ ದಾರಿ ತಪ್ಪಿದ್ದ. ಆಷಾಢದ ಮಳೆ ಹಿಡಿದ ಒಂದು ಬೆಳಗ್ಗೆ, ಬಿಳಿ ಮಚ್ಚೆಯ ಅದೇ ಗೋಡೆಗೆ ಒರಗಿ ಅವಳು ಗಂಡು ಹೆತ್ತಳು. ದೊಡ್ಡಮಾದಮ್ಮನೇ ಹೊಕ್ಕುಳು ಕೊಯ್ದಳು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಹೊರಗೆ ಗುಡುಗು ಹೊಡೆಯಿತು. ಮಗು ಎರಡೂ ಕೈ ಮೇಲಕ್ಕೆತ್ತಿ ಬೆಚ್ಚಿಬಿತ್ತು. ಮುದುಕಿ ಅದರ ನೆತ್ತಿಯಿಂದ ಪಾದದವರೆಗೆ ಅಂಗೈ ಇಳಿಸಿದಳು. ಮಗುವಿನ ಕೈಗಳು ಒಂದೊಂದೇ ಕೆಳಗೆ ಬಂದವು.

ಚಿಕ್ಕಬಸವಯ್ಯನಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ತಾನೇ ಅರ್ಥ ಹುಡುಕಿ ತಂದ ಒಂದೇ ಒಂದು ಇಂಗ್ಲಿಷು ಪದ ಅದು. "ಅವ್ವ, ನೀ ಮಾಡ್ತಿದ್ದಿಯಲ್ಲ, ಅದ್ಕೆ ಇಂಗ್ಲಿಷಲ್ಲಿ ಒಂದು ಪದ ಅದೆ ಕಣವ್ವ."

ದೊಡ್ಡಮಾದಮ್ಮ ಕೈ ನಿಲ್ಲಿಸದೆ ಕೇಳಿದಳು. "ಯಾಕ್ಲಾ? ಇಂಗ್ಲಿಷ್ನೋರ ಮಕ್ಳೂ ಬೆಚ್ಚಿ ಬೀಳ್ತವಾ?"

ಚಿಕ್ಕಬಸವಯ್ಯನಿಗೆ ಸಾರ್ಜೆಂಟನ ಕೆಂಪು ಮುಖ ನೆನಪಾಯಿತು. ಒಂದು ಸಲ ಮನೆಯಿಂದ ಬಂದ ಕಾಗದ ಓದಿಕೊಂಡು ಈರುಳ್ಳಿ ಮೂಟೆಯ ಪಕ್ಕದಲ್ಲಿ ಅವನು ಒಬ್ಬನೇ ಕೂತಿದ್ದದ್ದೂ ನೆನಪಾಯಿತು.

"ಬೀಳ್ತವೆ ಅಂತ ಕಾಣ್ತದೆ ಕಣವ್ವ" ಎಂದ. "ಇಲ್ದಿದ್ರೆ ಅವ್ರಿಗೆ ಆ ಪದ ಯಾತಕ್ಕೆ?"